ಡಿಸೆಂಬರ್ ರಜೆಯಲ್ಲಿ ಮನೆಯ ನಾಯಿ, ಬೆಕ್ಕು: ಕರಾವಳಿ ಮತ್ತು ಘಟ್ಟದ ಮೇಲಿನವರ ಅನುಭವಗಳು

ಕೋಡಿಬಾಗದವರು · ಡಿಸೆಂಬರ್ 13, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಒಂಬತ್ತು ವರ್ಷದ ನಾಟಿ ನಾಯಿಯೊಂದು, ಮೂರು ವರ್ಷದ ಬೆಕ್ಕೊಂದು ನಮ್ಮೊಡನೆ ಇವೆ. ಕಳೆದ ವರ್ಷ ಡಿಸೆಂಬರ್ 31ರ ರಾತ್ರಿ ನಡೆದುದನ್ನು ಮೊದಲು ಹೇಳಿ, ಆಮೇಲೆ ಪ್ರಶ್ನೆಗೆ ಬರುತ್ತೇನೆ. ಅಂದು ಮುಂಬೈ ಮತ್ತು ಹುಬ್ಬಳ್ಳಿಯಿಂದ ಬಂದ ನೆಂಟರಿಂದ ಮನೆ ತುಂಬಿತ್ತು. ಹನ್ನೆರಡು ಹೊಡೆಯುತ್ತಿದ್ದಂತೆ ಠಾಗೋರ್ ಕಡಲತೀರದ ಕಡೆಯಿಂದ ಪಟಾಕಿಯ ಸದ್ದು ಎದ್ದಿತು. ಆಕಾಶದ ಬೆಳಕು ನೋಡಲೆಂದು ಮಕ್ಕಳು ಗೇಟು ತೆರೆದು ರಸ್ತೆಗೆ ಓಡಿದರು, ಅವರ ಕಾಲುಗಳ ಸಂದಿನಲ್ಲೇ ನಾಯಿ ನುಸುಳಿ ಕತ್ತಲಲ್ಲಿ ಮರೆಯಾಯಿತು. ರಾತ್ರಿಯಿಡೀ ಹುಡುಕಿದೆವು. ಮರುದಿನ ಮಧ್ಯಾಹ್ನ ಕಾಳಿ ಸೇತುವೆಯ ಹತ್ತಿರ, ಮುಂಗಾಲಿನ ಉಗುರು ಕಿತ್ತುಹೋದ ಸ್ಥಿತಿಯಲ್ಲಿ ಸಿಕ್ಕಿತು. ಹಿಂದಿನ ಬೆಳಿಗ್ಗೆ ಸ್ನಾನ ಮಾಡಿಸುವಾಗ ಅದರ ಕೊರಳಪಟ್ಟಿಯನ್ನು ತೆಗೆದಿಟ್ಟು ಮರೆತವನು ನಾನೇ.

ಚಳಿಗಾಲದಲ್ಲಿ ಸಾಕುಪ್ರಾಣಿಗಳ ಆರೈಕೆ ಎಂದು ಹುಡುಕಿದರೆ ಸಿಗುವ ಬರಹಗಳೆಲ್ಲ ಹಿಮ ಬೀಳುವ ದೇಶಗಳಿಗೆ ಹೊಂದುವಂಥವು. ನಮ್ಮಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಬಿಸಿಲು 30 ಡಿಗ್ರಿ ದಾಟುತ್ತದೆ. ನನಗೆ ಅನ್ನಿಸುವ ಮಟ್ಟಿಗೆ, ಕರಾವಳಿಯಲ್ಲಿ ಈ ತಿಂಗಳ ಅಪಾಯ ಹವೆಯಿಂದ ಬರುವುದಲ್ಲ, ಮನೆಯ ದಿನಚರಿ ಕದಡುವುದರಿಂದ ಬರುವಂಥದು. ತಟ್ಟೆಯಲ್ಲಿ ಹೊಸ ತಿಂಡಿ, ಜಗುಲಿಯಲ್ಲಿ ಹೊಸ ಮುಖಗಳು, ಯಾರೂ ಹಾಕದ ಅಗಳಿ, ರಜೆಯ ಮೇಲಿರುವ ವೈದ್ಯರು, ಇವೆಲ್ಲ ಒಂದೇ ವಾರದಲ್ಲಿ ಕೂಡಿಬರುತ್ತವೆ. ಈ ಸಲ ಮುಂಚಿತವಾಗಿ ಸಿದ್ಧನಾಗಬೇಕೆಂದಿದ್ದೇನೆ. ನಿಮ್ಮ ನಿಮ್ಮ ಊರಿನ ಅನುಭವಗಳನ್ನು ದಯವಿಟ್ಟು ತಿಳಿಸಿ.

ಹುಲೇಕಲ್ ತೋಟಿಗ · ಡಿಸೆಂಬರ್ 13, ರಾತ್ರಿ 10.02

ನಿಮ್ಮ ಮಾತು ಕರಾವಳಿಗೆ ಸರಿ, ಘಟ್ಟದ ಮೇಲೆ ಅದು ಅರ್ಧ ಮಾತ್ರ ಸರಿ. ಶಿರಸಿ ಸೀಮೆಯಲ್ಲಿ ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಬೆಳಗಿನ ಜಾವದ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವುದು ಹೊಸದೇನಲ್ಲ. ಎಳೆಯ ನಾಯಿಗೆ ಅದು ಲೆಕ್ಕಕ್ಕಿಲ್ಲ. ಆದರೆ ನಮ್ಮ ಮನೆಯ ಹನ್ನೆರಡು ವರ್ಷದ ನಾಯಿ ಸಿಮೆಂಟಿನ ಜಗುಲಿಯ ಮೇಲೆ ರಾತ್ರಿ ಕಳೆದರೆ ಬೆಳಿಗ್ಗೆ ಹಿಂಗಾಲು ಊರಿ ಏಳಲು ಮೂರು ಸಲ ಪ್ರಯತ್ನಿಸುತ್ತದೆ. ಹೋದ ವರ್ಷದಿಂದ ನಾನು ಮಾಡುತ್ತಿರುವುದು ಇಷ್ಟು: ನೆಲದಿಂದ ನಾಲ್ಕು ಬೆರಳು ಎತ್ತರದ ಹಲಗೆ, ಅದರ ಮೇಲೆ ಎರಡು ಒಣಗಿದ ಅಡಿಕೆ ಹಾಳೆ, ಆಮೇಲೆ ಒಣಹುಲ್ಲು ತುಂಬಿದ ಗೋಣಿಚೀಲ, ಎಲ್ಲಕ್ಕೂ ಮೇಲೆ ಹಳೆಯ ಕಂಬಳಿ. ಇಬ್ಬನಿಯಲ್ಲಿ ಹುಲ್ಲು ತೇವ ಹಿಡಿಯುವುದರಿಂದ ವಾರಕ್ಕೊಮ್ಮೆ ಬದಲಿಸಿ, ಚೀಲವನ್ನು ಬಿಸಿಲಿಗೆ ಹಾಕುತ್ತೇನೆ. ಕಾಲಿನ ನೋವು ಪೂರ್ತಿ ಹೋಗಿಲ್ಲವಾದರೂ ಏಳುವುದು ಸಲೀಸಾಗಿದೆ.

ಇನ್ನು ಬೆಕ್ಕಿನ ವಿಷಯ. ಚಳಿ ಹೆಚ್ಚಾದಂತೆ ಅದು ಬಚ್ಚಲ ಒಲೆಯ ಬೂದಿಯಲ್ಲಿ ಮಲಗುತ್ತದೆ. ಮಲೆನಾಡಿನ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಇದು ಗೊತ್ತು. ನೆಂಟರು ಬಂದ ದಿನ ಸ್ನಾನದ ನೀರಿಗೆಂದು ನಸುಕಿನ ನಾಲ್ಕಕ್ಕೇ ಬೆಂಕಿ ಹಾಕುವವರು, ಒಲೆಯೊಳಗೆ ಕೋಲು ಆಡಿಸಿ ನೋಡದೆ ತೆಂಗಿನ ಗರಿ ತುರುಕಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಒಲೆಯ ಬಾಯಿಗೆ ರಾತ್ರಿ ತಗಡಿನ ಮುಚ್ಚಳ ಇಡುವುದನ್ನು ರೂಢಿ ಮಾಡಿದ್ದೇವೆ. ಅಂಗಳದಲ್ಲಿ ನಿಂತ ಕಾರಿನ ಬಿಸಿ ಎಂಜಿನ್ನಿನ ಸಂದಿನಲ್ಲೂ ಬೆಕ್ಕು ಸೇರುತ್ತದೆ. ಪೇಟೆಯಿಂದ ಬಂದ ನೆಂಟರಿಗೆ ಗಾಡಿ ಚಾಲೂ ಮಾಡುವ ಮುನ್ನ ಬಾನೆಟ್ಟನ್ನು ಎರಡು ಸಲ ತಟ್ಟಲು ಹೇಳಿಬಿಡಿ.

ನಮಗೆ ಇದು ರಜೆಯ ಕಾಲವಷ್ಟೇ ಅಲ್ಲ, ಅಡಿಕೆಗೊನೆ ಕೊಯ್ಲಿನ ಕಾಲವೂ ಹೌದು. ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು, ಅಟ್ಟದ ಮೇಲೆ ಹರವುವುದು ನಡೆದಿರುತ್ತದೆ. ಕುದಿಯುವ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಹತ್ತಿರ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ನಡುವೆ ಮರಿನಾಯಿ ಆಡುವುದು ಸರಿಯಲ್ಲ ಎಂಬುದು ಸ್ಪಷ್ಟ. ಆದರೆ ಎರಡು ವರ್ಷದ ಹಿಂದೆ ನಮ್ಮ ಮರಿ ಸುಲಿದ ಹಸಿ ಅಡಿಕೆಯನ್ನು ಕಡಿದು ನುಂಗಿ, ಅರ್ಧ ಗಂಟೆಯಲ್ಲಿ ಬಾಯಿಂದ ಲೋಳೆ ಸುರಿಸುತ್ತ, ವಾಂತಿ ಭೇದಿ ಮಾಡುತ್ತ ನಿಲ್ಲಲಾರದೆ ಬಿದ್ದಿತು. ಇದಕ್ಕೆ ಕಾರಣವೇನೆಂದು ಬಲ್ಲವರು ಹೇಳಬೇಕು.

ಅಂಕೋಲಾದ ನಿವೃತ್ತ ಪಶುವೈದ್ಯ · ಡಿಸೆಂಬರ್ 14, ಬೆಳಿಗ್ಗೆ 7.35

ತೋಟಿಗರ ಪ್ರಶ್ನೆಯಿಂದಲೇ ತೊಡಗುತ್ತೇನೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರವಸ್ತು ಇದೆ. ಅದು ಜೊಲ್ಲನ್ನೂ ಕರುಳಿನ ಚಲನೆಯನ್ನೂ ವಿಪರೀತವಾಗಿ ಹೆಚ್ಚಿಸಿ, ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳು ಬೀಳಿಸಲು ಪಶುವೈದ್ಯರು ಇದೇ ಅರೆಕೋಲಿನ್ನನ್ನು ಅಳತೆ ಮಾಡಿ ಕೊಡುತ್ತಿದ್ದರು. ಪ್ರಾಜಿಕ್ವಾಂಟೆಲ್ ಎಂಬ ಸುರಕ್ಷಿತ ಔಷಧ ಬಂದ ಮೇಲೆ ಅದನ್ನು ಕೈಬಿಡಲಾಯಿತು. ಆದುದರಿಂದ ಹುಳಕ್ಕೆ ಒಳ್ಳೆಯದೆಂದು ಇಂದಿಗೂ ಅಡಿಕೆ ಚೂರು ಕೊಡುವ ಮನೆಗಳಿದ್ದರೆ ದಯವಿಟ್ಟು ನಿಲ್ಲಿಸಿ. ಎಳೆಯ ಮರಿಗೆ ಯಾವ ಅಳತೆ ವಿಷವಾದೀತೆಂದು ಕಣ್ಣಂದಾಜಿನಲ್ಲಿ ಹೇಳಲಾಗದು.

ಈಗ ರಜೆಯ ತಿಂಡಿಗಳ ವಿಷಯ. ನನ್ನ ಸೇವೆಯ ವರ್ಷಗಳಲ್ಲಿ ಡಿಸೆಂಬರ್ ಕೊನೆಯ ವಾರ ಮತ್ತು ಜನವರಿಯ ಮೊದಲ ವಾರ ನನ್ನ ಬಳಿಗೆ ಬಂದ ನಾಯಿಗಳಲ್ಲಿ ಹೆಚ್ಚಿನವು ಹೊಟ್ಟೆ ಕೆಟ್ಟವೇ ಆಗಿದ್ದವು. ನೆರೆಯ ಕ್ರೈಸ್ತರ ಮನೆಯಿಂದ ಪ್ರೀತಿಯಿಂದ ಬರುವ ಕುಸ್ವಾರ್ ತಟ್ಟೆಯಲ್ಲಿ ನೆವ್ರಿ, ಕುಲ್ಕುಲ್, ದೋದೋಲ್, ಪ್ಲಮ್ ಕೇಕ್ ಇರುತ್ತವೆ. ನಮ್ಮ ಪಾಯಸ, ಕೇಸರಿಬಾತುಗಳೂ ಅದೇ ವಾರ ಆಗುತ್ತವೆ. ಇವುಗಳಲ್ಲಿ ಹಲವಕ್ಕೆ ಸಮಾನವಾದುದು ಒಣದ್ರಾಕ್ಷಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಒಂದು ನಾಯಿ ಮುಷ್ಟಿಯಷ್ಟು ತಿಂದು ಏನೂ ಆಗದೆ ಉಳಿಯಬಹುದು, ಇನ್ನೊಂದು ಕೆಲವೇ ಕಾಳುಗಳಿಂದ ಮೂರನೆಯ ದಿನ ಮೂತ್ರ ನಿಂತು ಸಾಯಬಹುದು. ಈ ವ್ಯತ್ಯಾಸದ ಗುಟ್ಟು ದೀರ್ಘಕಾಲ ತಿಳಿದಿರಲಿಲ್ಲ. ಹಣ್ಣಿನಲ್ಲಿ ಹೆಚ್ಚುಕಡಿಮೆಯಾಗುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ನಮ್ಮ ಅಡುಗೆಮನೆಗೆ ಇದರಲ್ಲಿ ಇನ್ನೊಂದು ಎಚ್ಚರಿಕೆ ಅಡಗಿದೆ. ಹುಣಸೆಹಣ್ಣಿನಲ್ಲಿಯೂ ಅದೇ ಆಮ್ಲ ಧಾರಾಳವಾಗಿದೆ. ಹುಣಸೆ ತಿರುಳಿನ ಉಂಡೆಯನ್ನು ನಾಯಿಗೆ ಎಟಕುವಲ್ಲಿ ಇಡಬೇಡಿ, ಹುಳಿ ಸುರಿದ ಅನ್ನವನ್ನು ಹಾಕಬೇಡಿ. ಹುಳಿಯಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳೂ ನಾಯಿ, ಬೆಕ್ಕುಗಳ ಕೆಂಪು ರಕ್ತಕಣವನ್ನು ಒಡೆಯುತ್ತವೆ, ಬೆಕ್ಕಿಗಂತೂ ಸ್ವಲ್ಪವೇ ಸಾಕು.

ಚಾಕೊಲೇಟಿನ ಅಪಾಯ ಎಲ್ಲರೂ ಕೇಳಿದ್ದೇ, ಆದರೆ ಅಳತೆ ತಿಳಿದಿರುವುದು ಒಳ್ಳೆಯದು. ಅದರಲ್ಲಿರುವ ಥಿಯೋಬ್ರೋಮಿನ್ ದೇಹದ ತೂಕದ ಕಿಲೋವೊಂದಕ್ಕೆ 20 ಮಿಲಿಗ್ರಾಮಿನಷ್ಟಾದಾಗ ವಾಂತಿ, ಚಡಪಡಿಕೆ ಶುರುವಾಗುತ್ತದೆ, 40ರಿಂದ 50ಕ್ಕೆ ಹೃದಯದ ಲಯ ತಪ್ಪುತ್ತದೆ, 60 ದಾಟಿದರೆ ಸೆಳೆತ ಬರುತ್ತದೆ. ಹಾಲಿನ ಚಾಕೊಲೇಟಿನ ಗ್ರಾಮೊಂದರಲ್ಲಿ ಇದು ಸುಮಾರು 2 ಮಿಲಿಗ್ರಾಮ್, ಕಪ್ಪು ಚಾಕೊಲೇಟಿನಲ್ಲಿ 5 ಅಥವಾ ಹೆಚ್ಚು, ಕೇಕಿಗೆ ಬಳಸುವ ಕೋಕೋ ಪುಡಿಯಲ್ಲಿ 20ಕ್ಕೂ ಮಿಗಿಲು. ಹತ್ತು ಕಿಲೋದ ನಾಯಿಗೆ ಹಾಲಿನ ಚಾಕೊಲೇಟು ನೂರು ಗ್ರಾಮಿನಷ್ಟು ಬೇಕಾದರೆ, ಕೋಕೋ ಪುಡಿ ಒಂದೆರಡು ಚಮಚ ಸಾಕೆಂದಾಯಿತು. ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ಇದಕ್ಕಿಂತ ವೇಗದ್ದು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು, ಮುಂದೆ ಯಕೃತ್ತೂ ಕೆಡಬಹುದು. ನೆಂಟರ ಕೈಚೀಲಗಳನ್ನು ನೆಲದ ಮೇಲೆ ಇಡಗೊಡಬೇಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಅವರ ಮಾತ್ರೆಗಳೂ ಅದೇ ಚೀಲದಲ್ಲಿರುತ್ತವೆ, 500 ಮಿಲಿಗ್ರಾಮಿನ ಒಂದೇ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು.

ಬೆಂದ ಕೋಳಿಮೂಳೆ ಸಿಗಿದು ಗಂಟಲನ್ನೋ ಕರುಳನ್ನೋ ಚುಚ್ಚುತ್ತದೆ. ಮಾಂಸದ ಕೊಬ್ಬನ್ನು ಒಮ್ಮೆಗೇ ಹಾಕಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ನಾಯಿ ಬೆನ್ನು ಬಾಗಿಸಿ ನರಳುತ್ತದೆ. ಭತ್ತ ಮನೆಗೆ ಬಂದ ಹೊತ್ತಿನಲ್ಲಿ ಅಟ್ಟಕ್ಕೆ ಇಡುವ ಇಲಿಪಾಷಾಣವನ್ನು ಮರೆಯಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯದಾದರೆ ಮೂರರಿಂದ ಐದು ದಿನ ನಾಯಿ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಒಸಡಿನಿಂದಲೋ ಮೂಗಿನಿಂದಲೋ ರಕ್ತ ಸೋರುತ್ತದೆ. ಇದಕ್ಕೆ ವಿಟಮಿನ್ ಕೆ1 ಇದೆ, ಬೇಗ ತಂದರೆ ಬದುಕುತ್ತದೆ. ಪೊಟ್ಟಣವನ್ನು ಎಸೆಯದೆ ಇಟ್ಟುಕೊಂಡಿರಿ. ಯಾವ ಪಾಷಾಣವೆಂದು ತಿಳಿಯದೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಬೈತಖೋಲದಿಂದ · ಡಿಸೆಂಬರ್ 14, ಸಂಜೆ 6.20

ನಮ್ಮದು ಮೀನುಗಾರ ಕುಟುಂಬ. ರಜೆಗೆ ಬಂದವರು ನಾಯಿಯನ್ನು ಕಡಲತೀರಕ್ಕೆ ಬಿಟ್ಟು ಓಡಾಡಿಸುವುದನ್ನು ನೋಡಲು ಚೆಂದ, ಆದರೆ ಕೆಲವು ವಿಷಯ ಅವರಿಗೆ ತಿಳಿದಿರುವುದಿಲ್ಲ. ದಡದ ಮರಳಿನಲ್ಲಿ ಬಲೆಯ ತುಂಡು, ಗಾಳದ ಮುಳ್ಳು, ಅದರ ಜೊತೆಗೇ ಒಣಗಿದ ಮೀನಿನ ತುಂಡು ಇರುತ್ತವೆ. ನಾಯಿ ಮೀನಿನ ವಾಸನೆಗೆ ಮುಳ್ಳನ್ನೂ ನುಂಗುತ್ತದೆ. ಬಾಯಿಂದ ನೂಲು ಇಳಿಬಿದ್ದಿದ್ದರೆ ಯಾರೂ ಎಳೆಯಬಾರದು. ಒಳಗಿನ ಮುಳ್ಳು ಹರಿಯುತ್ತದೆ, ಮುಳ್ಳಿಲ್ಲದಿದ್ದರೂ ನೂಲು ಕರುಳನ್ನು ಗರಗಸದಂತೆ ಕೊಯ್ಯುತ್ತದೆ. ನೂಲನ್ನು ಕೊರಳಪಟ್ಟಿಗೆ ಸಡಿಲವಾಗಿ ಕಟ್ಟಿ ವೈದ್ಯರ ಬಳಿ ಒಯ್ಯುವುದೇ ಸರಿ.

ಬಲೆಯಿಂದ ತೆಗೆದು ಎಸೆದ ಉಬ್ಬುಹೊಟ್ಟೆಯ ಮುಳ್ಳುಮೀನು ಇನ್ನೊಂದು ಅಪಾಯ. ಅದರ ವಿಷಕ್ಕೆ ಮದ್ದಿಲ್ಲ, ಕೈಕಾಲು ಸೋತು ಉಸಿರು ನಿಲ್ಲುತ್ತದೆ. ಅಂಬಲಿಮೀನುಗಳು ದಡಕ್ಕೆ ಬಿದ್ದ ಮೇಲೂ ಸುಡುತ್ತವೆ. ಬಾಯಾರಿದ ನಾಯಿ ಸಮುದ್ರದ ನೀರು ಕುಡಿದು ಭೇದಿ ಹಿಡಿಸಿಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇವೆ. ಒಂದು ಬಾಟಲಿ ಸಿಹಿನೀರು ಒಯ್ಯಿರಿ, ಮನೆಗೆ ಬಂದ ಮೇಲೆ ಕಾಲು, ಹೊಟ್ಟೆಗಳನ್ನು ತೊಳೆಯಿರಿ.

ಇನ್ನೊಂದು ಮಾತನ್ನು ನಮ್ಮ ಕಡಲಿನ ಪರವಾಗಿ ಹೇಳಲೇಬೇಕು. ಡಿಸೆಂಬರಿನಿಂದ ಮಾರ್ಚಿಯವರೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಈ ಜಿಲ್ಲೆಯ ದಡಗಳಿಗೆ ಮೊಟ್ಟೆಯಿಡಲು ರಾತ್ರಿ ಬರುತ್ತವೆ. ಮೂಸುತ್ತ ಹೋಗುವ ನಾಯಿ ಒಂದೇ ಬೆಳಗಿನಲ್ಲಿ ಇಡೀ ಗೂಡನ್ನು ಕೆದರಿ ಹಾಳುಮಾಡಬಲ್ಲದು. ನಸುಕಿನ ಹೊತ್ತು ದಡದಲ್ಲಿ ನಾಯಿಯ ಹಗ್ಗ ಕೈಯಲ್ಲಿರಲಿ.

ಸಿದ್ದಾಪುರದ ಗೃಹಿಣಿ · ಡಿಸೆಂಬರ್ 15, ಮಧ್ಯಾಹ್ನ 2.45

ರಕ್ತ ಹೀರುವ ಉಣ್ಣೆಗಳ ವಿಷಯವನ್ನು ಇನ್ನೂ ಯಾರೂ ಎತ್ತಿಲ್ಲ. ನಮ್ಮ ತಾಲ್ಲೂಕಿನಲ್ಲಿ ಚಳಿಗಾಲ ಎಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ರೋಗ ಕಾಡಿನ ಉಣ್ಣೆ ಕಚ್ಚುವುದರಿಂದ ಮನುಷ್ಯರಿಗೆ ಬರುತ್ತದೆ, ಮತ್ತು ಎಳೆಯ ಉಣ್ಣೆಗಳು ಹೆಚ್ಚಾಗುವ ಡಿಸೆಂಬರಿನಿಂದ ಮೇ ತಿಂಗಳವರೆಗೇ ಇದರ ಕಾಲ. ನಾವು ದರಕು (ಉದುರಿದ ಒಣ ಎಲೆ) ಗುಡಿಸಲು ಸೊಪ್ಪಿನ ಬೆಟ್ಟಕ್ಕೆ ಹೋಗುವುದೂ ಇದೇ ಕಾಲದಲ್ಲಿ, ನಮ್ಮ ಹಿಂದೆ ನಾಯಿ ಬರುವುದೂ ಆಗಲೇ. ನಾಯಿಗೆ ಕಾಯಿಲೆ ತಾಗದಿದ್ದರೂ ಎಳ್ಳಿನಷ್ಟು ಸಣ್ಣ ಉಣ್ಣೆಗಳನ್ನು ಕೂದಲಲ್ಲಿ ಹೊತ್ತು ತಂದು ಹಾಸಿಗೆಯ ಮೇಲೆ ಉದುರಿಸುತ್ತದೆ. ಪೇಟೆಯಿಂದ ಬಂದ ಮಕ್ಕಳು ನಾಯಿಯನ್ನು ಕರೆದುಕೊಂಡು ಬೆಟ್ಟ ಸುತ್ತಲು ಹೊರಟಾಗ ಬೇಡವೆನ್ನಲು ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ನಾನು ಬೇಡವೆನ್ನುತ್ತೇನೆ. ಮಂಗ ಸತ್ತು ಬಿದ್ದಿರುವ ಸುದ್ದಿ ಬಂದರೆ ಆ ದಿಕ್ಕಿಗೆ ನಾಯಿಯನ್ನೂ ಬಿಡುವುದಿಲ್ಲ, ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತೇವೆ.

ನಾಯಿಗೇ ಬರುವ ಉಣ್ಣೆ ಜ್ವರ ಬೇರೆ. ನಮ್ಮ ಹಿಂದಿನ ನಾಯಿ ಅದರಿಂದಲೇ ಹೋಯಿತು. ಎರಡು ದಿನ ಊಟ ಬಿಟ್ಟಿತ್ತು, ಒಸಡು ಸುಣ್ಣದಂತೆ ಬೆಳ್ಳಗಾಗಿತ್ತು. ಚಳಿಗೆ ಮುದುಡಿ ಮಲಗಿದೆ ಎಂದೇ ನಾವು ತಿಳಿದೆವು. ಆ ತಪ್ಪು ಬೇರೆಯವರಿಂದ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಸಂಜೆ ಕಿವಿಯ ಒಳಗೆ, ಬೆರಳುಗಳ ಸಂದಿನಲ್ಲಿ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡಿ. ಕಂಡ ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿ ತಾಗಿಸುವುದು, ಉಗುರಿನಲ್ಲಿ ಕುಕ್ಕುವುದು ಬೇಡ.

ಕುಮಟಾದ ಶಿಕ್ಷಕಿ · ಡಿಸೆಂಬರ್ 15, ರಾತ್ರಿ 8.30

ವೈದ್ಯರಿಗೆ ಒಂದು ಪ್ರಶ್ನೆ. ನಾಯಿಯ ಬೆನ್ನಿಗೆ ಹಚ್ಚುವ ಉಣ್ಣೆ ಔಷಧದ ಹನಿ ನಮ್ಮಲ್ಲಿ ಉಳಿದಿದೆ. ಅದನ್ನೇ ಸ್ವಲ್ಪ ಕಡಿಮೆ ಮಾಡಿ ಬೆಕ್ಕಿಗೆ ಹಚ್ಚಬಹುದೇ?

ಅಂಕೋಲಾದ ನಿವೃತ್ತ ಪಶುವೈದ್ಯ · ಡಿಸೆಂಬರ್ 15, ರಾತ್ರಿ 8.41

ಖಂಡಿತ ಬೇಡ. ನಾಯಿಯ ಔಷಧಗಳಲ್ಲಿ ಹಲವು ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವಂಥವು. ಬೆಕ್ಕಿನ ಯಕೃತ್ತು ಅದನ್ನು ಕರಗಿಸಲಾರದು, ನಡುಕ ಹಿಡಿದು ಸೆಳೆತ ಬರುತ್ತದೆ. ಹಚ್ಚಿದ ನಾಯಿಯ ಮೈಗೆ ಒರಗಿ ಮಲಗಿದ ಬೆಕ್ಕಿಗೂ ತೊಂದರೆಯಾದುದುಂಟು. ಬೆಕ್ಕಿಗೆಂದೇ ಬರೆದಿರುವ, ಅದರ ತೂಕಕ್ಕೆ ಹೊಂದುವ ಔಷಧವನ್ನಷ್ಟೇ ತನ್ನಿ. ಬೆಕ್ಕಿರುವ ಮನೆಗೆ ಹೊಸವರ್ಷದ ಹೂಗುಚ್ಛ ಬಂದರೆ ಅದರಲ್ಲಿ ಲಿಲ್ಲಿ ಹೂವಿದೆಯೇ ಎಂದೂ ನೋಡಿ. ಮೈಗೆ ಉದುರಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ನಿಲ್ಲುತ್ತದೆ. ಅಂಥ ಗುಚ್ಛವನ್ನು ಒಳಗೇ ತರಬೇಡಿ.

ಬೆಂಗಳೂರಿನಲ್ಲಿರುವ ಶಿರಸಿಯವಳು · ಡಿಸೆಂಬರ್ 17, ರಾತ್ರಿ 11.15

ನಾನು ಮೂರು ವರ್ಷಗಳಿಂದ ರಜೆಗೆ ಊರಿಗೆ ಬರುವಾಗ ನಾಯಿಯನ್ನು ಕಾರಿನಲ್ಲಿ ಕರೆತರುತ್ತಿದ್ದೇನೆ. ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸುತ್ತೇನೆ, ಎರಡು ಗಂಟೆಗೊಮ್ಮೆ ಇಳಿಸಿ ನೀರು ಕೊಡುತ್ತೇನೆ. ಶಿರಸಿಯವರೆಗೆ ತೊಂದರೆಯಿಲ್ಲ. ಅಲ್ಲಿಂದ ಗೋಕರ್ಣಕ್ಕೆಂದು ದೇವಿಮನೆ ಘಟ್ಟ ಇಳಿಯುವಾಗ ಮಾತ್ರ ತಿರುವುಗಳಿಗೆ ಪ್ರತಿ ಸಲ ವಾಂತಿಯಾಗುತ್ತಿತ್ತು. ಈಗ ವೈದ್ಯರು ಬರೆದುಕೊಟ್ಟ ಮಾತ್ರೆಯಿಂದ ಸುಧಾರಿಸಿದೆ. ಕಿಟಕಿಯಿಂದ ತಲೆ ಹೊರಹಾಕಲು ಬಿಡದೆ ಹಿಂಬದಿಯ ಸೀಟಿಗೆ ಎದೆಪಟ್ಟಿ ಕಟ್ಟುತ್ತೇನೆ.

ಊಟಕ್ಕೆ ನಿಂತಾಗ ನಾಯಿಯನ್ನು ಕಾರಿನಲ್ಲಿ ಬಿಟ್ಟು ಕಿಟಕಿ ಎರಡು ಬೆರಳು ಇಳಿಸಿದರೆ ಸಾಕೆಂದು ನಂಬಿದವರು ಬಹಳ. ಹೊರಗೆ ಹಿತವಾದ 24 ಡಿಗ್ರಿ ಇರುವಾಗಲೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ 34, ಅರ್ಧ ಗಂಟೆಗೆ 40 ದಾಟುತ್ತದೆ. ಕುಮಟಾ, ಕಾರವಾರಗಳ ಡಿಸೆಂಬರ್ ಮಧ್ಯಾಹ್ನ ಅದಕ್ಕಿಂತ ಎಷ್ಟೋ ಬಿಸಿ. ರೈಲಿನಲ್ಲಿ ಬರುವವರು ತಿಳಿದಿರಬೇಕಾದುದು: ನಾಯಿಯನ್ನು ಜೊತೆಗೆ ಇಟ್ಟುಕೊಳ್ಳಲು ಪ್ರಥಮ ದರ್ಜೆಯ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕೋಣೆಯನ್ನೋ ಪೂರ್ತಿ ಕಾದಿರಿಸಬೇಕು, ಇಲ್ಲವಾದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಸ್ಲೀಪರ್ ಬೋಗಿಗಳಲ್ಲಿ ಅವಕಾಶವಿಲ್ಲ. ಎಂಜಿನ್ನಿನ ಸದ್ದಿನಲ್ಲಿ, ಕತ್ತಲ ಪೆಟ್ಟಿಗೆಯಲ್ಲಿ ಇಡೀ ರಾತ್ರಿ ನಾಯಿಯನ್ನು ಕಳಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಬೆಕ್ಕನ್ನು ಮಾತ್ರ ಪ್ರಯಾಣಕ್ಕೆ ಒಯ್ಯದೆ, ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಅದರ ಜಾಗದಲ್ಲೇ ಬಿಡುವುದು ಲೇಸು. ನಾಯಿಯನ್ನು ನೋಡಿಕೊಳ್ಳುವ ಕೇಂದ್ರಕ್ಕೆ ಬಿಡುವವರು, ಅಲ್ಲಿಗೆ ಬರುವ ಎಲ್ಲ ನಾಯಿಗಳ ಲಸಿಕೆ ಪುಸ್ತಕವನ್ನು ಅವರು ಕೇಳುತ್ತಾರೆಯೇ ಎಂದು ವಿಚಾರಿಸಿ. ಕೇಳದ ಕಡೆ ನನ್ನ ನಾಯಿ ಕೆಮ್ಮು ಹಿಡಿಸಿಕೊಂಡು ಬಂದಿತ್ತು.

ಹುಲೇಕಲ್ ತೋಟಿಗ · ಡಿಸೆಂಬರ್ 18, ಬೆಳಿಗ್ಗೆ 6.50

ಪೇಟೆಯ ನಾಯಿಯನ್ನು ಊರಿಗೆ ತರುವವರಿಗೆ ಒಂದು ಮಾತು. ಇಲ್ಲಿ ರಾತ್ರಿ ಅಂಗಳದಲ್ಲಿ ಕಟ್ಟಿಹಾಕಿದ ನಾಯಿ ಚಿರತೆಗೆ ತಟ್ಟೆಯಲ್ಲಿಟ್ಟು ಕೊಟ್ಟ ಊಟವಿದ್ದಂತೆ. ಕಟ್ಟಿದ ನಾಯಿಗೆ ಓಡುವ ದಾರಿಯೂ ಇರುವುದಿಲ್ಲ. ಕತ್ತಲಾಗುತ್ತಿದ್ದಂತೆ ಒಳಗೆ ಕರೆದುಕೊಳ್ಳಿ. ತೋಟದಂಚಿನ ಬೇಲಿಯಲ್ಲಿ ಹಂದಿಗೆಂದು ಒಡ್ಡಿದ ಉರುಳುಗಳೂ ಇರುತ್ತವೆ, ಊರ ನಾಯಿಗೆ ಗೊತ್ತಿರುವುದು ಪೇಟೆಯ ನಾಯಿಗೆ ಗೊತ್ತಿರದು.

ಕೋಡಿಬಾಗದವರು · ಡಿಸೆಂಬರ್ 20, ರಾತ್ರಿ 9.40

ಎಲ್ಲರಿಗೂ ಕೃತಜ್ಞತೆಗಳು. ಕೊರಳಪಟ್ಟಿಗೆ ದೂರವಾಣಿ ಸಂಖ್ಯೆ ಕೊರೆಸಿದ ತಗಡು ಹಾಕಿಸಿದ್ದೇನೆ. ಪಟಾಕಿಯ ವಿಷಯವೊಂದು ಉಳಿದಿದೆ. ಭಯಕ್ಕೆ ಮಂಪರಿನ ಮಾತ್ರೆ ಕೊಡಬಹುದೆಂದು ಪರಿಚಿತರೊಬ್ಬರು ಹೇಳುತ್ತಾರೆ. ಸರಿಯೇ?

ಅಂಕೋಲಾದ ನಿವೃತ್ತ ಪಶುವೈದ್ಯ · ಡಿಸೆಂಬರ್ 21, ಬೆಳಿಗ್ಗೆ 8.05

ಅಂಗಡಿಯಿಂದ ನೇರವಾಗಿ ತಂದು ಕೊಡಬೇಡಿ. ಬರೀ ಮೈ ಜೋಲು ಬೀಳಿಸುವ ಮಾತ್ರೆಗಳಿವೆ. ನಾಯಿ ಅಲುಗಾಡದೆ ಬಿದ್ದಿರುತ್ತದೆ, ಭಯ ಹಾಗೆಯೇ ಇರುತ್ತದೆ, ತೋರಿಸಿಕೊಳ್ಳುವ ಶಕ್ತಿ ಮಾತ್ರ ಹೋಗಿರುತ್ತದೆ. ಭಯವನ್ನೇ ತಗ್ಗಿಸುವ ಔಷಧಗಳು ಬೇರೆ ಇವೆ, ನಾಯಿಯ ವಯಸ್ಸು ಒಂಬತ್ತಾದುದರಿಂದ ಹೃದಯ ಪರೀಕ್ಷಿಸಿಯೇ ಬರೆಯಬೇಕು, ಮತ್ತು 31ಕ್ಕೆ ಮುಂಚೆ ಒಮ್ಮೆ ಕೊಟ್ಟು ನೋಡಬೇಕು.

ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಿದರೆ ನಾಯಿಯದು ಸುಮಾರು 45,000, ಬೆಕ್ಕಿನದು ಸುಮಾರು 64,000ದವರೆಗೆ ಮುಟ್ಟುತ್ತದೆ. ನಮಗೆ ಬರೀ ಸಿಳ್ಳೆಯಾಗಿ ಕೇಳುವುದು ಅದಕ್ಕೆ ಏನಾಗಿ ಕೇಳುತ್ತದೋ ಊಹಿಸಿ. ಸಂಜೆಯ ಬೆಳಕಿರುವಾಗಲೇ ದೂರ ನಡೆಸಿ ತನ್ನಿ, ಏಳರೊಳಗೆ ಊಟ ಕೊಡಿ, ರಸ್ತೆಗೆ ದೂರವಾದ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ದೀಪ ಹಚ್ಚಿಟ್ಟು, ಫ್ಯಾನೋ ರೇಡಿಯೋವೋ ಸದ್ದು ಮಾಡುತ್ತಿರಲಿ. ಅದು ಮಂಚದ ಕೆಳಗೆ ಸೇರಿದರೆ ಎಳೆಯಬೇಡಿ. ನಿಮ್ಮ ಹತ್ತಿರ ಬಂದರೆ ಸಂತೈಸಿ. ಸಂತೈಸಿದರೆ ಭಯ ಹೆಚ್ಚುತ್ತದೆ ಎಂಬ ಹಳೆಯ ಮಾತು ತಪ್ಪು. ಗೇಟಿನ ಬೀಗದ ಕೀಲಿ ಒಬ್ಬರ ಬಳಿ ಮಾತ್ರ ಇರಲಿ.

ಎಲ್ಲರಿಗೂ ಇನ್ನೊಂದು: 25 ಸರ್ಕಾರಿ ರಜೆ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಅಂದು ಯಾರು ಕರ್ತವ್ಯದಲ್ಲಿರುತ್ತಾರೆ, ಖಾಸಗಿ ವೈದ್ಯರು ಊರಲ್ಲಿರುತ್ತಾರೆಯೇ ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಂಖ್ಯೆ 1962.

ಸದಾಶಿವಗಡದ ಒಬ್ಬರು · ಡಿಸೆಂಬರ್ 24, ರಾತ್ರಿ 10.05

ತುರ್ತಾಗಿ ಉತ್ತರ ಬೇಕು. ನಮ್ಮ 9 ಕಿಲೋದ ನಾಯಿ ಮೇಜಿನ ಮೇಲಿದ್ದ ಪ್ಲಮ್ ಕೇಕನ್ನು ಕಾಲುಭಾಗದಷ್ಟು ತಿಂದಿದೆ. ಇಪ್ಪತ್ತು ನಿಮಿಷವಾಯಿತು. ಚುರುಕಾಗಿಯೇ ಇದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕೆಂದು ಮನೆಯವರು ಹೇಳುತ್ತಿದ್ದಾರೆ.

ಅಂಕೋಲಾದ ನಿವೃತ್ತ ಪಶುವೈದ್ಯ · ಡಿಸೆಂಬರ್ 24, ರಾತ್ರಿ 10.09

ಉಪ್ಪುನೀರು ಕೊಡಬೇಡಿ, ವಾಂತಿಯಾಗದಿದ್ದರೆ ಉಪ್ಪೇ ವಿಷವಾಗುತ್ತದೆ. ಚುರುಕಾಗಿದೆ ಎಂದು ಬೆಳಗಿನವರೆಗೆ ಕಾಯಲೂಬೇಡಿ, ಮೂತ್ರಪಿಂಡದ ಲಕ್ಷಣ ಕಾಣುವುದು ಒಂದರಿಂದ ಮೂರು ದಿನದ ಮೇಲೆ. ತಿಂದ ಎರಡು ಗಂಟೆಯೊಳಗೆ ವೈದ್ಯರು ಚುಚ್ಚುಮದ್ದಿನಿಂದ ವಾಂತಿ ಮಾಡಿಸಿದರೆ ಹೆಚ್ಚಿನದು ಹೊರಬರುತ್ತದೆ. ಕೇಕಿನ ಪೊಟ್ಟಣ ಜೊತೆಗಿರಲಿ, ರಮ್ ಹಾಕಿದ ಕೇಕೋ ಅಲ್ಲವೋ ಎಂದು ವೈದ್ಯರಿಗೆ ಹೇಳಿ. ಕಾರವಾರದಲ್ಲಿ ಯಾರಿಗಾದರೂ ಈಗಲೇ ಫೋನು ಮಾಡಿ, ಹೊರಡಿ.

ಕೋಡಿಬಾಗದವರು · ಡಿಸೆಂಬರ್ 24, ರಾತ್ರಿ 10.13

ನಾನು ಸೇತುವೆಯ ಈಚೆ ಬದಿಯಲ್ಲೇ ಇದ್ದೇನೆ. 21ರಂದು ವೈದ್ಯರ ಮಾತು ಓದಿ ವಿಚಾರಿಸಿಟ್ಟುಕೊಂಡಿದ್ದೆ, ನಮ್ಮ ಖಾಸಗಿ ವೈದ್ಯರು ಊರಲ್ಲಿದ್ದಾರೆ. ಅವರಿಗೆ ಈಗ ತಿಳಿಸಿದೆ, ಮನೆಯಲ್ಲೇ ನೋಡುತ್ತಾರೆ. ವಿಳಾಸವನ್ನು ನಿಮಗೆ ಪ್ರತ್ಯೇಕವಾಗಿ ಕಳಿಸಿದ್ದೇನೆ, ದಾರಿಯಲ್ಲಿ ನಾನು ಜೊತೆಯಾಗುತ್ತೇನೆ.

ಕುಮಟಾದ ಶಿಕ್ಷಕಿ · ಡಿಸೆಂಬರ್ 26, ಸಂಜೆ 5.10

ಸದಾಶಿವಗಡದಿಂದ ಸುದ್ದಿಗಾಗಿ ಕಾಯುತ್ತಿದ್ದೇವೆ. ಈ ನಡುವೆ ಒಂದು ವಿಷಯ. ನನ್ನ ತರಗತಿಯ ಇಬ್ಬರು ಮಕ್ಕಳಿಗೆ ಹೊಸವರ್ಷದ ಉಡುಗೊರೆಯಾಗಿ ನಾಯಿಮರಿ ಬಂದಿದೆ. ಒಂದಕ್ಕೆ ಇನ್ನೂ ಕಣ್ಣೆವೆಯ ಮಬ್ಬು ಹೋಗಿಲ್ಲ, ಐದು ವಾರವಾಗಿದ್ದರೆ ಹೆಚ್ಚು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳೇ ಹೇಳುತ್ತವೆ. ತಾಯಿಯಿಂದ ಬೇಗ ಬೇರ್ಪಟ್ಟ, ಲಸಿಕೆಯಾಗದ ಮರಿಯನ್ನು ರಜೆಯ ಜನಜಂಗುಳಿಯ ಮನೆಗೆ ತಂದರೆ ಪಾರ್ವೋ ರೋಗ ಹತ್ತಿರದಲ್ಲೇ ಕಾದಿರುತ್ತದೆ. ಆ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಯಲ್ಲಿಯೇ ಮನೆಗೆ ಬರುತ್ತದೆ. ಆರೆಂಟು ವಾರಕ್ಕೆ ಶುರುವಾಗುವ ಲಸಿಕೆ ಮೂರು ನಾಲ್ಕು ವಾರಕ್ಕೊಮ್ಮೆ ನಡೆದು ಹದಿನಾರನೆಯ ವಾರಕ್ಕೆ ಮುಗಿಯುವವರೆಗೆ ಮರಿಯನ್ನು ಬೀದಿಗೆ ಇಳಿಸಬಾರದು. ಮಕ್ಕಳ ಹೆತ್ತವರನ್ನು ಕರೆದು ಹೇಳಿದ್ದೇನೆ, ಒಬ್ಬರು ಕೇಳಿದರು.

ಸದಾಶಿವಗಡದ ಒಬ್ಬರು · ಡಿಸೆಂಬರ್ 28, ಬೆಳಿಗ್ಗೆ 11.30

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಅಂದು ರಾತ್ರಿ 10.50ಕ್ಕೆ ವಾಂತಿ ಮಾಡಿಸಿದರು. ಊದಿಕೊಂಡ ದ್ರಾಕ್ಷಿಗಳು ಎಣಿಸುವಂತೆ ಹೊರಬಂದವು, ಹದಿನೇಳರವರೆಗೆ ಎಣಿಸಿ ಬಿಟ್ಟೆ. ಇದ್ದಿಲು ಕುಡಿಸಿ, ಎರಡು ದಿನ ಡ್ರಿಪ್ ಹಾಕಿದರು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು 25ರಂದು, 26ರಂದು ಮತ್ತು ನಿನ್ನೆ ಮಾಡಿಸಿದೆವು, ಮೂರೂ ಸಲ ಸರಿಯಾಗಿ ಬಂದಿದೆ. ನಿನ್ನೆ ಸಂಜೆಯಿಂದ ಗಂಜಿ ಉಣ್ಣುತ್ತಿದೆ. ಆ ರಾತ್ರಿ ಹಬ್ಬದ ಮನೆ ಬಿಟ್ಟು ನಮ್ಮ ಜೊತೆ ಎರಡು ಗಂಟೆಯವರೆಗೆ ಕುಳಿತ ಕೋಡಿಬಾಗದವರಿಗೆ ಏನು ಹೇಳಬೇಕೆಂದು ತಿಳಿಯುತ್ತಿಲ್ಲ.

ಕೋಡಿಬಾಗದವರು · ಜನವರಿ 1, ಮಧ್ಯಾಹ್ನ 12.20

ನಮ್ಮ ಮನೆಯ ವರದಿ. ನಿನ್ನೆ ಐದೂವರೆಗೆ ನಾಯಿಯನ್ನು ನಡೆಸಿ ತಂದೆ, ಆರೂವರೆಗೆ ಊಟ ಮತ್ತು ವೈದ್ಯರು ಬರೆದ ಮಾತ್ರೆ ಕೊಟ್ಟೆ. ಹತ್ತರ ನಂತರ ಅದು ಬಟ್ಟೆಯ ಕಪಾಟಿನ ಹಿಂದೆ ಸೇರಿತು, ನಾನು ಅದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡೆ. 11.50ಕ್ಕೆ ಸದ್ದು ಶುರುವಾಗಿ ಸುಮಾರು ನಲವತ್ತು ನಿಮಿಷ ನಡೆಯಿತು. ನಡುಗಿತು, ಏದುಸಿರು ಬಿಟ್ಟಿತು, ಬಾಗಿಲು ಕೆರೆಯಲಿಲ್ಲ. ಒಂದೂವರೆಗೆ ತಾನಾಗಿ ಹೊರಬಂದು ನೀರು ಕುಡಿದು ನನ್ನ ಕಾಲಬುಡದಲ್ಲಿ ಮಲಗಿತು. ಬೆಕ್ಕು ಇಡೀ ರಾತ್ರಿ ಅಟ್ಟದ ಮೇಲಿತ್ತು, ಬೆಳಿಗ್ಗೆ ಮೀನಿನ ವಾಸನೆಗೆ ಇಳಿಯಿತು. ಗೇಟಿನ ಕೀಲಿ ನನ್ನ ಜೇಬಿನಲ್ಲೇ ಇತ್ತು, ಮಕ್ಕಳು ಮಾಳಿಗೆಯಿಂದ ಬೆಳಕು ನೋಡಿದರು. ಇದೇ ತಿಂಗಳು ಕೂರ್ಮಗಡ ದ್ವೀಪದ ಜಾತ್ರೆಗೆ ಮನೆಯವರೆಲ್ಲ ದೋಣಿಯಲ್ಲಿ ಹೋಗುವವರಿದ್ದೇವೆ. ಅಂದು ಬೆಳಗಿನಿಂದ ಸಂಜೆಯವರೆಗೆ ನಾಯಿಯನ್ನು ನೋಡಿಕೊಳ್ಳಲು ಸದಾಶಿವಗಡದವರು ಒಪ್ಪಿದ್ದಾರೆ.